ಐದು ವ್ಯವಹಾರಕ್ಕೆ ಒಂದು ಎಚ್‌ಆರ್ ಯಾಕೆ ಬೇಕು?

ಪ್ರಶ್ನೆ: ಮಂಡ್ಯದ ಒಂದು ಕುಟುಂಬದ ಗ್ರೂಪ್‌ನಲ್ಲಿ ನಾನು ಎಚ್‌ಆರ್ (ಸಿಬ್ಬಂದಿ ವಿಭಾಗ) ಮುಖ್ಯಸ್ಥೆ. ಮಂಡ್ಯದಲ್ಲಿ ರೈಸ್ ಮಿಲ್, ಮದ್ದೂರಿನ ಹತ್ತಿರ ಗಾರ್ಮೆಂಟ್ಸ್, ಮೈಸೂರಿನಲ್ಲಿ ಹೋಟೆಲ್, ಅಲ್ಲಿಯದೇ ಹೆಬ್ಬಾಳ ಕೈಗಾರಿಕಾ ಪ್ರದೇಶದಲ್ಲಿ ವಾಹನದ ಬಿಡಿಭಾಗ ಮಾಡುವ ಮಷಿನ್ ಶಾಪ್ ಇವೆ. ಎರಡು ವರ್ಷದಿಂದ ಬೆಲ್ಲದ ಪುಡಿ ಪ್ಯಾಕ್ ಮಾಡುವ ಘಟಕವೂ ಸೇರಿದೆ. ಒಟ್ಟು ಸುಮಾರು 1,200 ಜನ. ಪ್ರತಿ ಘಟಕದಲ್ಲೂ ಎಚ್‌ಆರ್ ನೋಡಿಕೊಳ್ಳುವವರು ಒಬ್ಬರಿದ್ದಾರೆ. ಹೋದ ತಿಂಗಳು ಚಿಕ್ಕ ಯಜಮಾನರು ಕೇಳಿದರು: "ಘಟಕಗಳಲ್ಲೇ ಎಚ್‌ಆರ್ ಇರುವಾಗ ಹೆಡ್ ಆಫೀಸಿನಲ್ಲಿ ಇನ್ನೂ ನಾಲ್ಕು ಜನ ಯಾಕೆ?" ನನಗೆ ತಕ್ಷಣ ಉತ್ತರ ಹೊಳೆಯಲಿಲ್ಲ. ಏನು ಹೇಳಬೇಕಿತ್ತು?

ಉತ್ತರ: ಚಿಕ್ಕ ಯಜಮಾನರು ಕೇಳಿದ್ದು ಸರಿಯಾದ ಪ್ರಶ್ನೆ. ನೀವು ಬೇಸರ ಮಾಡಿಕೊಳ್ಳಬೇಡಿ. ಒಂದೇ ಕಾರ್ಖಾನೆ ಇರುವ ಕಂಪನಿಯಲ್ಲಿ ಎಚ್‌ಆರ್ ಯಾಕೆ ಬೇಕು ಅಂತ ಯಾರೂ ಕೇಳುವುದಿಲ್ಲ. ಐದು ಬೇರೆ ಬೇರೆ ಕಸುಬು ಒಂದೇ ಸೂರಿನಡಿ ಇದ್ದಾಗ ಮಾತ್ರ ಈ ಪ್ರಶ್ನೆ ಏಳುತ್ತದೆ. ಅಕ್ಕಿಗೂ ಅಂಗಿಗೂ ಏನು ಸಂಬಂಧ, ಅಲ್ವಾ? ಸಂಬಂಧವೇ ಇಲ್ಲದಿದ್ದರೆ ನಡುವಿನ ಕಚೇರಿ ಬರೀ ಖರ್ಚು. ಸಂಬಂಧ ಇದೆ ಅಂತ ತೋರಿಸುವ ಹೊಣೆ ನಿಮ್ಮದು.

ನಾನು ಮೈಸೂರಿನ ಸುತ್ತಮುತ್ತಲ ಕಾರ್ಖಾನೆಗಳಲ್ಲೂ, ಹಲವು ವ್ಯವಹಾರಗಳಿದ್ದ ಒಂದು ಗ್ರೂಪ್‌ನಲ್ಲೂ ಇದೇ ಕೆಲಸ ಮಾಡಿದ್ದೇನೆ. ಆ ಅನುಭವದಿಂದ ಒಂದು ಅಳತೆಗೋಲು ಕೊಡುತ್ತೇನೆ. ಹೆಡ್ ಆಫೀಸಿನ ನಾಲ್ವರು ಮಾಡುವ ಪ್ರತಿ ಕೆಲಸವನ್ನೂ ಒಂದು ಹಾಳೆಯಲ್ಲಿ ಬರೆಯಿರಿ. ಒಂದೊಂದರ ಪಕ್ಕದಲ್ಲೂ ಈ ಪ್ರಶ್ನೆ ಹಾಕಿ: ಇದನ್ನು ರೈಸ್ ಮಿಲ್ ಒಂಟಿಯಾಗಿದ್ದಿದ್ದರೆ ತಾನೇ ಮಾಡಿಕೊಳ್ಳುತ್ತಿತ್ತೇ? ಹೌದು ಎನ್ನುವ ಕೆಲಸಗಳಿಂದ ನೀವು ಬೆಲೆ ಸೇರಿಸುತ್ತಿಲ್ಲ. ಇಲ್ಲ ಎನ್ನುವ ನಾಲ್ಕೈದು ಕೆಲಸ ಸಿಕ್ಕರೆ ಅದೇ ನಿಮ್ಮ ಉತ್ತರ.

ಹಾಗೆ ಬರೆದಾಗ ಮೊದಲು ಬಿದ್ದುಹೋಗುವುದು ಸಂಬಳದ ಲೆಕ್ಕ. ಪಿಎಫ್ (ಭವಿಷ್ಯ ನಿಧಿ) ಮತ್ತು ಇಎಸ್‌ಐ (ನೌಕರರ ವಿಮೆ) ಹಣವನ್ನು ಮುಂದಿನ ತಿಂಗಳ 15ರೊಳಗೆ ಕಟ್ಟುವುದು, ಹಾಜರಾತಿ, ಪೇ ಸ್ಲಿಪ್ ಇವೆಲ್ಲ ಒಂದೇ ಕಡೆ ಮಾಡಿದರೆ ಸ್ವಲ್ಪ ಉಳಿತಾಯ ಆಗುತ್ತದೆ, ನಿಜ. ಆದರೆ ಈ ಕೆಲಸವನ್ನು ಹೊರಗಿನ ಏಜೆನ್ಸಿಯೂ ಮಾಡಿಕೊಡುತ್ತದೆ. ಇದನ್ನೇ ದೊಡ್ಡದು ಮಾಡಿ ತೋರಿಸಬೇಡಿ.

ಎರಡನೆಯದಾಗಿ ಬಿದ್ದುಹೋಗಬೇಕಾದ್ದು ಐದೂ ಘಟಕಕ್ಕೆ ಒಂದೇ ನಿಯಮ ಮಾಡುವ ಚಪಲ. ಇದರ ಬಗ್ಗೆ ಸ್ವಲ್ಪ ಹೆಚ್ಚು ಹೇಳಬೇಕು, ಯಾಕೆಂದರೆ ಈ ತಪ್ಪನ್ನು ನಾನೇ ಮಾಡಿದ್ದೇನೆ. ಆ ಗ್ರೂಪ್‌ನಲ್ಲಿ ಎಲ್ಲ ಘಟಕಕ್ಕೂ ಒಂದೇ ಮೌಲ್ಯಮಾಪನ ಫಾರಂ ತಂದೆವು. ಮಷಿನ್ ಆಪರೇಟರ್‌ಗೂ ಅದೇ, ಹೋಟೆಲಿನ ಅಡುಗೆಯವರಿಗೂ ಅದೇ. ನೂರು ಜನರಲ್ಲಿ ಹತ್ತು ಜನಕ್ಕೆ ಮಾತ್ರ ಅತ್ಯುತ್ತಮ, ಹತ್ತು ಜನಕ್ಕೆ ಕಡ್ಡಾಯವಾಗಿ ಕಳಪೆ. ಹೋಟೆಲಿನ ಹಿರಿಯ ಅಡುಗೆಯವರೊಬ್ಬರು ಫಾರಂ ಹಿಡಿದು ನನ್ನ ಮುಂದೆ ನಿಂತರು. "ಸಾರ್, ನನ್ನ ಕೈರುಚಿಯನ್ನು ಇದರಲ್ಲಿ ಯಾವ ಕಾಲಂನಲ್ಲಿ ಬರೆಯುತ್ತೀರಿ?" ಅಂದರು. ನನ್ನ ಹತ್ತಿರ ಉತ್ತರ ಇರಲಿಲ್ಲ. ಮೂರು ತಿಂಗಳಲ್ಲಿ ಅವರು ಬೇರೆ ಕಡೆ ಹೋದರು. ಅವರ ಹಿಂದೆ ಇಬ್ಬರು ಸಹಾಯಕರೂ ಹೋದರು. ಫಾರಂ ಅಚ್ಚುಕಟ್ಟಾಗಿತ್ತು, ಅಡುಗೆಮನೆ ಖಾಲಿಯಾಗಿತ್ತು.

ನಿಮ್ಮ ಘಟಕಗಳನ್ನೇ ನೋಡಿ. ದಸರಾ ಬಂತೆಂದರೆ ಮೈಸೂರಿನ ಹೋಟೆಲಿಗೆ ಉಸಿರಾಡಲು ಸಮಯ ಇರುವುದಿಲ್ಲ. ಅದೇ ಹೊತ್ತಿಗೆ ಮಷಿನ್ ಶಾಪ್‌ನವರು ಆಯುಧ ಪೂಜೆ ಮಾಡಿ ಬಾಗಿಲು ಹಾಕುತ್ತಾರೆ. ಗಾರ್ಮೆಂಟ್ಸ್‌ಗೆ ಶಿಪ್‌ಮೆಂಟ್ ತಾರೀಖೇ ಪಂಚಾಂಗ. ರೈಸ್ ಮಿಲ್ ಮತ್ತು ಬೆಲ್ಲದ ಘಟಕದವರು ಬಹುಪಾಲು ಸುತ್ತಲಿನ ಹಳ್ಳಿಯವರು, ನಾಲೆಯಲ್ಲಿ ನೀರು ಬಿಟ್ಟು ನಾಟಿ ಶುರುವಾದರೆ ಅವರ ಮನಸ್ಸು ಗದ್ದೆಯಲ್ಲಿರುತ್ತದೆ. ಕರ್ನಾಟಕದ 1963ರ ರಜಾ ಕಾಯ್ದೆಯ ಪ್ರಕಾರ ಜನವರಿ 26, ಮೇ 1, ಆಗಸ್ಟ್ 15, ಅಕ್ಟೋಬರ್ 2, ನವೆಂಬರ್ 1 ಎಲ್ಲರಿಗೂ ಇದ್ದದ್ದೇ. ಉಳಿದ ಐದು ಹಬ್ಬದ ರಜೆಗಳನ್ನು ಆಯಾ ಘಟಕದವರೇ ತಮ್ಮ ಜನರೊಂದಿಗೆ ಕೂತು ಆರಿಸಿಕೊಳ್ಳಲಿ. ಅದನ್ನು ಹೆಡ್ ಆಫೀಸಿನಿಂದ ಹೇರಿದರೆ ಎತ್ತು ಏರಿಗೆ, ಕೋಣ ನೀರಿಗೆ ಎಂಬಂತಾಗುತ್ತದೆ.

ಹಾಗಾದರೆ ಉಳಿಯುವುದು ಏನು? ಜನ. ಜನರನ್ನು ಒಂದು ಘಟಕದಿಂದ ಇನ್ನೊಂದಕ್ಕೆ ಕಳಿಸುವುದು, ಮತ್ತು ಯಾರಲ್ಲಿ ಏನಿದೆ ಅಂತ ಐದೂ ಕಡೆ ಒಟ್ಟಿಗೆ ನೋಡುವುದು. ಘಟಕದ ಎಚ್‌ಆರ್ ಎಷ್ಟೇ ಜಾಣರಿರಲಿ, ಅವರಿಗೆ ಕಾಣುವುದು ಅವರ ಕಾಂಪೌಂಡಿನ ಒಳಗಿನದು ಮಾತ್ರ.

ಇದನ್ನು ದೊಡ್ಡ ಗ್ರೂಪ್‌ಗಳು ಬಹಳ ಹಿಂದೆಯೇ ಕಂಡುಕೊಂಡವು. ಟಾಟಾದವರು 1956ರಲ್ಲಿ ಟಾಟಾ ಅಡ್ಮಿನಿಸ್ಟ್ರೇಟಿವ್ ಸರ್ವಿಸ್ ಶುರು ಮಾಡಿದರು. ಆಗ ಜೆ.ಆರ್.ಡಿ. ಟಾಟಾ ಅಧ್ಯಕ್ಷರು. ಸರ್ಕಾರಕ್ಕೆ ಐಎಎಸ್ ಇರುವ ಹಾಗೆ ಇಡೀ ಗ್ರೂಪ್‌ಗೆ ಸೇರಿದ ಯುವ ಅಧಿಕಾರಿಗಳನ್ನು ಬೆಳೆಸುವುದು ಅದರ ಉದ್ದೇಶ. ಆ ಹುಡುಗರು ಉಕ್ಕಿನ ಕಂಪನಿಗೂ ಹೋಗಬಹುದು, ಹೋಟೆಲಿಗೂ ಹೋಗಬಹುದು. ಅದೇ ವರ್ಷ ಅಮೆರಿಕದಲ್ಲಿ ಜನರಲ್ ಎಲೆಕ್ಟ್ರಿಕ್ ಕಂಪನಿ ಕ್ರೋಟನ್‌ವಿಲ್‌ನಲ್ಲಿ ತನ್ನ ವ್ಯವಸ್ಥಾಪಕರಿಗಾಗಿ ತರಬೇತಿ ಕೇಂದ್ರ ತೆರೆಯಿತು. ಅವರಲ್ಲಿ "ಸೆಷನ್ ಸಿ" ಎಂಬ ಪದ್ಧತಿ ಇತ್ತು. ಮುಖ್ಯಸ್ಥರೇ ಒಂದೊಂದು ವ್ಯವಹಾರದವರ ಜೊತೆ ಕೂತು, ಲಾಭ ನಷ್ಟದ ಮಾತು ಬಿಟ್ಟು, ಬರೀ ಜನರ ಬಗ್ಗೆ ಮಾತಾಡುತ್ತಿದ್ದರು. ಯಾರು ಮುಂದೆ ಬರುತ್ತಾರೆ, ಯಾರಿಗೆ ಬೇರೆ ಕಡೆ ಅವಕಾಶ ಕೊಡಬೇಕು ಅಂತ. ಇಷ್ಟೆಲ್ಲ ಮಾಡಿದ ಆ ಕಂಪನಿಯೂ 2024ರ ಹೊತ್ತಿಗೆ ಮೂರು ಬೇರೆ ಕಂಪನಿಗಳಾಗಿ ಒಡೆದುಕೊಂಡಿತು. ಇದನ್ನು ಯಾಕೆ ಹೇಳುತ್ತೇನೆಂದರೆ, ಒಳ್ಳೆಯ ಎಚ್‌ಆರ್ ಇದ್ದ ಮಾತ್ರಕ್ಕೆ ಯಾವ ವ್ಯವಹಾರವನ್ನಾದರೂ ಯಾವುದಕ್ಕಾದರೂ ಜೋಡಿಸಬಹುದು ಅಂತ ಯಜಮಾನರಿಗೆ ಭರವಸೆ ಕೊಡಬೇಡಿ.

ಯಾವ ಅರಿವು ಎಲ್ಲಿಗೆ ಹೋಗುತ್ತದೆ, ಎಲ್ಲಿಗೆ ಹೋಗುವುದಿಲ್ಲ ಅಂತ ನೋಡುವ ಕಣ್ಣು ಬೇಕು. ಐಟಿಸಿ 1910ರಲ್ಲಿ ಸಿಗರೇಟಿನಿಂದ ಶುರುವಾದ ಕಂಪನಿ. 1975ರಲ್ಲಿ ಹೋಟೆಲಿಗೆ ಇಳಿಯಿತು. 2001ರ ಹೊತ್ತಿಗೆ ಪ್ಯಾಕೆಟ್ ಆಹಾರಕ್ಕೆ ಬಂದಾಗ ಅದರ ಹೋಟೆಲುಗಳ ಬಾಣಸಿಗರ ಪರಿಣತಿ ಅಲ್ಲಿ ಕೆಲಸಕ್ಕೆ ಬಂತು. ಹೊಸಬರು ಹೊರಗಿನಿಂದ ಕೊಳ್ಳಬೇಕಾದ ಅರಿವು ಇವರ ಮನೆಯಲ್ಲೇ ಇತ್ತು. ಮೈಸೂರಿನಲ್ಲೇ ನೋಡಿ. 1948ರಲ್ಲಿ ಎನ್. ರಂಗರಾವ್ ಅವರು ಕಟ್ಟಿದ ಸೈಕಲ್ ಅಗರಬತ್ತಿಯ ಮನೆತನದ ಗ್ರೂಪ್ ಇವತ್ತು ಮನೆಯ ಸುಗಂಧ ವಸ್ತುಗಳಲ್ಲೂ ಇದೆ, ಏರೋಸ್ಪೇಸ್‌ನಲ್ಲೂ ಇದೆ. ಹೊರಗಿನಿಂದ ನೋಡುವ ನನಗೆ ಅನಿಸುವುದು ಇಷ್ಟು: ಪರಿಮಳ ಬಲ್ಲ ಮೂಗು ಅಗರಬತ್ತಿಯಿಂದ ರೂಮ್ ಫ್ರೆಶ್‌ನರ್‌ಗೆ ಸಲೀಸಾಗಿ ಹೋಗುತ್ತದೆ. ವಿಮಾನದ ಬಿಡಿಭಾಗಕ್ಕೆ ಆ ಮೂಗು ಬೇಕಿಲ್ಲ. ಅಲ್ಲಿಗೆ ಹೋಗಬಹುದಾದ್ದು ಹಣಕಾಸಿನವರು, ಕಾನೂನಿನವರು, ಮಾತಿಗೆ ತಪ್ಪದ ನಡತೆ.

ಈಗ ನಿಮ್ಮ ಐದು ಘಟಕಕ್ಕೆ ಬರೋಣ. ನನಗೆ ಮೂರು ದಾರಿ ಕಾಣುತ್ತಿವೆ.

ಹೆಬ್ಬಾಳದ ಮಷಿನ್ ಶಾಪ್‌ನಿಂದ ಬೆಲ್ಲದ ಘಟಕಕ್ಕೆ ಮೊದಲನೆಯದು. ವಾಹನ ಕಂಪನಿಗಳಿಗೆ ಮಾಲು ಕೊಡುವವರು ಐಎಟಿಎಫ್ 16949 ಎಂಬ ಗುಣಮಟ್ಟದ ಪದ್ಧತಿಗೆ ಒಗ್ಗಿರುತ್ತಾರೆ. ಪ್ರತಿ ಲಾಟ್‌ಗೂ ಅಳತೆ, ಪ್ರತಿ ಅಳತೆಗೂ ಸಹಿ, ತಪ್ಪು ಬಂದರೆ ಎಲ್ಲಿಂದ ಬಂತು ಅಂತ ಹಿಂದೆ ಹುಡುಕುವುದು. ಬೆಲ್ಲದ ಪುಡಿಗೆ ಬೇಕಾದ್ದೂ ಇದೇ. ಆಲೆಮನೆಯಿಂದ ಬಂದ ಬೆಲ್ಲದಲ್ಲಿ ಬಣ್ಣ ತಿಳಿಯಾಗಲಿ ಅಂತ ಹೈಡ್ರೋಸ್ ಎಂಬ ರಾಸಾಯನಿಕ ಹಾಕಿದ್ದಾರಾ, ತೇವ ಎಷ್ಟಿದೆ, ಯಾವ ಆಲೆಮನೆಯ ಲಾಟ್ ಯಾವ ಪ್ಯಾಕೆಟ್ಟಿಗೆ ಹೋಯಿತು ಎಂಬ ದಾಖಲೆ ಇಲ್ಲದಿದ್ದರೆ ಒಂದು ದೂರಿಗೆ ಇಡೀ ತಿಂಗಳ ಮಾಲು ವಾಪಸ್ ಬರುತ್ತದೆ. ಇದಕ್ಕೆ ಸಲಹೆಗಾರರನ್ನು ಕರೆಸಿ ಫೈಲು ಮಾಡಿಸಬಹುದು. ಫೈಲು ಕಪಾಟಿನಲ್ಲಿರುತ್ತದೆ. ಅದರ ಬದಲು ಮಷಿನ್ ಶಾಪ್‌ನ ಒಬ್ಬ ಒಳ್ಳೆಯ ಇನ್‌ಸ್ಪೆಕ್ಟರ್ ಒಂದು ವರ್ಷ ಬೆಲ್ಲದ ಘಟಕದಲ್ಲಿ ಇರಲಿ. ಅಳೆಯದೆ ಮಾಲು ಬಿಡಬಾರದು ಎಂಬ ಅಭ್ಯಾಸ ಆತನ ಕೈಯಲ್ಲೇ ಇರುತ್ತದೆ. ನೋಡಿದವರು ಕಲಿಯುತ್ತಾರೆ.

ಹೋಟೆಲಿನಿಂದ ಗಾರ್ಮೆಂಟ್ಸ್‌ಗೆ ಎರಡನೆಯದು. ನನಗೆ ಬಹಳ ಹತ್ತಿರವಾದ ವಿಷಯ ಇದು. ಗಾರ್ಮೆಂಟ್ಸ್ ಬಿಟ್ಟು ಹೋಗುವ ಹೆಣ್ಣುಮಕ್ಕಳನ್ನು ಗೇಟಿನಾಚೆ ಸಮಾಧಾನವಾಗಿ ಕೇಳಿ ನೋಡಿ. ಸಂಬಳ ಕಡಿಮೆ ಅನ್ನುತ್ತಾರೆ, ಬಸ್ಸಿನ ಕಷ್ಟ ಅನ್ನುತ್ತಾರೆ. ಇನ್ನೂ ಸ್ವಲ್ಪ ಹೊತ್ತು ಕೂತರೆ, "ಸೂಪರ್‌ವೈಸರ್ ಎಲ್ಲರ ಮುಂದೆ ಬೈಯ್ತಾರೆ ಸಾರ್" ಅನ್ನುತ್ತಾರೆ. ನಾನು ಈ ಮಾತನ್ನು ಎಷ್ಟು ಸಲ ಕೇಳಿದ್ದೇನೋ ಲೆಕ್ಕವಿಲ್ಲ. ಆ ಸೂಪರ್‌ವೈಸರ್ ಕೂಡ ಕೆಟ್ಟವರಲ್ಲ. ಅವರಿಗೆ ಟಾರ್ಗೆಟ್ ಒತ್ತಡ, ಬೈದೇ ಕೆಲಸ ತೆಗೆಯುವುದನ್ನು ನೋಡಿ ಬೆಳೆದವರು. ನಿಮ್ಮದೇ ಹೋಟೆಲಿನಲ್ಲಿ ಸಿಟ್ಟಾದ ಗಿರಾಕಿಯ ಮುಂದೆಯೂ ದನಿ ಏರಿಸದೆ ಮಾತಾಡುವವರು ಇದ್ದಾರೆ. ಅದು ಅವರ ಕಸುಬು. ಅವರಲ್ಲಿ ಒಬ್ಬರು ವಾರಕ್ಕೊಂದು ದಿನ ಮದ್ದೂರಿಗೆ ಬಂದು ಲೈನ್ ಸೂಪರ್‌ವೈಸರ್‌ಗಳ ಜೊತೆ ಕೂರಲಿ. ಭಾಷಣ ಬೇಡ. ನಿಜವಾಗಿ ನಡೆದ ಒಂದು ಜಗಳ ತೆಗೆದುಕೊಂಡು, ಅದನ್ನೇ ಬೇರೆ ರೀತಿ ಮಾತಾಡಿ ತೋರಿಸಲಿ.

ಇದರ ಬೆಲೆಯನ್ನು ರೂಪಾಯಿಯಲ್ಲಿ ತೋರಿಸಿ. ಲೆಕ್ಕಕ್ಕೆ ಹೀಗಿಟ್ಟುಕೊಳ್ಳಿ: ಗಾರ್ಮೆಂಟ್ಸ್‌ನಲ್ಲಿ 600 ಜನ, ತಿಂಗಳಿಗೆ ನೂರಕ್ಕೆ 5 ಜನ ಬಿಡುತ್ತಾರೆ. ಅಂದರೆ 30 ಜನ. ಹೊಸಬರನ್ನು ಹುಡುಕಿ, ಕಲಿಸಿ, ಅವರ ಕೈ ವೇಗ ಬರುವವರೆಗಿನ ನಷ್ಟ ಒಬ್ಬರಿಗೆ 8,000 ರೂಪಾಯಿ ಅಂದುಕೊಂಡರೂ ತಿಂಗಳಿಗೆ 2.4 ಲಕ್ಷ, ವರ್ಷಕ್ಕೆ 28.8 ಲಕ್ಷ. ಬಿಡುವವರು 30ರಿಂದ 20ಕ್ಕೆ ಇಳಿದರೆ 9.6 ಲಕ್ಷ ಉಳಿಯಿತು. ಈ ಅಂಕಿಗಳ ಜಾಗದಲ್ಲಿ ನಿಮ್ಮ ಮಸ್ಟರ್ ರೋಲ್‌ನ ನಿಜವಾದ ಅಂಕಿಗಳನ್ನು ಹಾಕಿ. ಚಿಕ್ಕ ಯಜಮಾನರಿಗೆ ಇದು ಅರ್ಥವಾಗುವ ಭಾಷೆ.

ಮೂರನೆಯದು ಬಾಯ್ಲರ್. ನಗಬೇಡಿ, ನಿಮ್ಮ ಐದು ಬೇರೆ ವ್ಯವಹಾರಗಳನ್ನು ನಿಜವಾಗಿ ಬೆಸೆಯುವ ವಸ್ತು ಇದೇ ಇರಬಹುದು. ಕುಸುಬಲಕ್ಕಿ ಮಾಡುವುದಾದರೆ ರೈಸ್ ಮಿಲ್‌ಗೆ ಹಬೆ ಬೇಕು. ಗಾರ್ಮೆಂಟ್ಸ್‌ನ ಇಸ್ತ್ರಿಗೆ ಹಬೆ ಬೇಕು. ಹೋಟೆಲಿನ ಲಾಂಡ್ರಿಗೂ ಬೇಕು. ಕಾನೂನಿನ ವ್ಯಾಪ್ತಿಗೆ ಬರುವ ಬಾಯ್ಲರನ್ನು ತಕ್ಕ ದರ್ಜೆಯ ಸರ್ಟಿಫಿಕೇಟ್ ಇರುವ ಅಟೆಂಡೆಂಟ್ ಇಲ್ಲದೆ ನಡೆಸುವಂತಿಲ್ಲ. ಇಂಥವರು ಸಿಗುವುದು ಕಷ್ಟ. ಒಬ್ಬರಿಗೆ ಜ್ವರ ಬಂದರೆ ಇಡೀ ಘಟಕ ನಿಲ್ಲುತ್ತದೆ, ಇಲ್ಲವೇ ಸರ್ಟಿಫಿಕೇಟ್ ಇಲ್ಲದವರು ಕೈ ಹಾಕುತ್ತಾರೆ. ಎರಡನೆಯದು ಜೀವದ ಪ್ರಶ್ನೆ. ಒಂದೊಂದು ಘಟಕವೂ ಒಬ್ಬೊಬ್ಬ ಹೆಚ್ಚುವರಿ ಅಟೆಂಡೆಂಟ್ ಇಟ್ಟುಕೊಳ್ಳಲು ಒಪ್ಪುವುದಿಲ್ಲ. ಆದರೆ ಗ್ರೂಪ್‌ಗೆ ಸೇರಿದ ಹಾಗೆ ಇಬ್ಬರನ್ನು ಹೆಚ್ಚುವರಿಯಾಗಿ ಇಟ್ಟರೆ ಮೂರೂ ಕಡೆ ನಿಭಾಯಿಸಬಹುದು. ಎಲೆಕ್ಟ್ರಿಷಿಯನ್, ಫಿಟ್ಟರ್ ವಿಷಯವೂ ಹೀಗೇ.

ಫಿಟ್ಟರ್ ಅಂದಾಗ ನೆನಪಾಯಿತು. 1961ರ ಅಪ್ರೆಂಟಿಸ್ ಕಾಯ್ದೆಯಂತೆ 30 ಅಥವಾ ಅದಕ್ಕಿಂತ ಹೆಚ್ಚು ಜನರಿರುವ ಸಂಸ್ಥೆ ತನ್ನ ಒಟ್ಟು ಸಿಬ್ಬಂದಿಯ ಶೇ. 2.5ರಿಂದ 15ರಷ್ಟು ಅಪ್ರೆಂಟಿಸ್‌ಗಳನ್ನು ತೆಗೆದುಕೊಳ್ಳಬೇಕು. ಸಾಮಾನ್ಯವಾಗಿ ಇದನ್ನು ರಿಜಿಸ್ಟರ್ ತುಂಬಲು ಮಾಡುತ್ತಾರೆ. ನೀವು ಹಾಗೆ ಮಾಡಬೇಡಿ. ಮಂಡ್ಯ, ಮೈಸೂರಿನ ಐಟಿಐಗಳಿಂದ ಹುಡುಗರನ್ನು, ಹುಡುಗಿಯರನ್ನು ಒಟ್ಟಿಗೆ ಆರಿಸಿ. ಒಳ್ಳೆಯ ಯಂತ್ರಗಳು ಮಷಿನ್ ಶಾಪ್‌ನಲ್ಲಿವೆ, ಕೈ ಅಲ್ಲಿ ಪಳಗಲಿ. ತರಬೇತಿ ಮುಗಿದ ಮೇಲೆ ಯಾವ ಘಟಕಕ್ಕೆ ಬೇಕೋ ಅಲ್ಲಿ ಕೆಲಸ ಕೊಡಿ. ರೈಸ್ ಮಿಲ್ ಒಂಟಿಯಾಗಿದ್ದರೆ ಅಂಥ ಫಿಟ್ಟರ್ ಅದಕ್ಕೆ ಎಂದೂ ಸಿಗುತ್ತಿರಲಿಲ್ಲ.

ಇಷ್ಟು ಓದಿ ನೀವು ಅಂದುಕೊಳ್ಳಬಹುದು: ಹೇಳುವುದು ಸುಲಭ, ಘಟಕದ ಮುಖ್ಯಸ್ಥರು ತಮ್ಮ ಒಳ್ಳೆಯ ಕೈಯನ್ನು ಬಿಟ್ಟುಕೊಡುತ್ತಾರಾ? ಬಿಡುವುದಿಲ್ಲ. ನಾನೂ ಅವರ ಜಾಗದಲ್ಲಿದ್ದರೆ ಬಿಡುತ್ತಿರಲಿಲ್ಲ. ಒಳ್ಳೆಯವರನ್ನು ಬಚ್ಚಿಟ್ಟುಕೊಂಡು ಬೇಡವಾದವರನ್ನು ಕಳಿಸುತ್ತಾರೆ. ಆಮೇಲೆ ವರ್ಗಾವಣೆ ಅಂದರೇ ಶಿಕ್ಷೆ ಅಂತ ಜನ ತಿಳಿಯುತ್ತಾರೆ. ಅದಕ್ಕೇ ಮೊದಲ ವರ್ಷ ಆರೇ ಆರು ಜನ ಸಾಕು. ಆ ಆರು ಜನ ಎಲ್ಲರೂ ಮೆಚ್ಚುವಂಥವರಾಗಿರಲಿ. ಕಳಿಸಿದ ಮುಖ್ಯಸ್ಥರಿಗೆ ಬದಲಿ ಜನ ಸಿಗುವವರೆಗೆ ಅವರ ಟಾರ್ಗೆಟ್ ಸಡಿಲಿಸಿ. ವರ್ಷಕ್ಕೆ ಎರಡು ಸಲ ದೊಡ್ಡ ಯಜಮಾನರ ಎದುರು ಐದೂ ಮುಖ್ಯಸ್ಥರು ಅರ್ಧ ದಿನ ಕೂರಲಿ. ಅಲ್ಲಿ ಉತ್ಪಾದನೆಯ ಮಾತು ಬೇಡ. ಒಬ್ಬೊಬ್ಬರೂ ತಮ್ಮ ಘಟಕದ ಮೂವರು ಭರವಸೆಯ ಜನರ ಹೆಸರು ಹೇಳಲಿ. "ನಿನ್ನ ಘಟಕದಿಂದ ಹೋದ ಹುಡುಗ ಅಲ್ಲಿ ಚೆನ್ನಾಗಿ ಮಾಡುತ್ತಿದ್ದಾನೆ" ಅಂತ ಯಜಮಾನರ ಬಾಯಿಂದ ಬಂದರೆ, ಮುಂದಿನ ಸಲ ಹೆಸರು ಬಚ್ಚಿಡುವವರು ಕಡಿಮೆಯಾಗುತ್ತಾರೆ. ಹಿತ್ತಲ ಗಿಡ ಮದ್ದಲ್ಲ ಅಂತ ಬೆಂಗಳೂರಿನಿಂದ ದುಬಾರಿ ಮ್ಯಾನೇಜರ್ ತರುವ ಮುಂಚೆ ಈ ಪಟ್ಟಿ ನೋಡುವ ಅಭ್ಯಾಸ ಆಗಲಿ.

ಕಳಿಸುವಾಗ ಕಾಗದ ಪತ್ರ ಸರಿಯಾಗಿರಬೇಕು. ಇಲ್ಲಿ ಬಹಳ ಗ್ರೂಪ್‌ಗಳು ಎಡವುತ್ತವೆ. ಯಜಮಾನರಿಗೆ ಐದೂ "ನಮ್ಮದೇ". ಕಾನೂನಿಗೆ ರೈಸ್ ಮಿಲ್ ಒಂದು ಪಾಲುದಾರಿಕೆ, ಹೋಟೆಲು ಇನ್ನೊಂದು ಪ್ರೈವೇಟ್ ಲಿಮಿಟೆಡ್. ಒಬ್ಬರು ಮಿಲ್‌ನಲ್ಲಿ 3 ವರ್ಷ ದುಡಿದು, ರಾಜೀನಾಮೆ ಬರೆಸಿಕೊಂಡು, ಹೋಟೆಲಿನಲ್ಲಿ ಹೊಸ ನೇಮಕ ಅಂತ 3 ವರ್ಷ ದುಡಿದರೆ ಏನಾಗುತ್ತದೆ? ಕಾಯಂ ನೌಕರರಿಗೆ ಗ್ರಾಚ್ಯುಟಿ, ಅಂದರೆ ಕೆಲಸ ಬಿಡುವಾಗ ಸೇವೆಗೆ ತಕ್ಕಂತೆ ಕೊಡುವ ಇಡಿಗಂಟು, ಸಿಗಲು 5 ವರ್ಷದ ಸತತ ಸೇವೆ ಬೇಕು. ಎರಡು ಕಡೆಯೂ 5 ತುಂಬಲಿಲ್ಲ, ಆರು ವರ್ಷ ದುಡಿದವರು ಬರಿಗೈಯಲ್ಲಿ ಹೋಗಬಹುದು. ಅದೇ ಸೇವೆ ಮುಂದುವರಿದಿದೆ ಅಂತ ವರ್ಗಾವಣೆ ಪತ್ರದಲ್ಲಿ ಎರಡೂ ಸಂಸ್ಥೆ ಬರೆದುಕೊಟ್ಟಿದ್ದರೆ, ಕೊನೆಯ ಮೂಲ ವೇತನ ಮತ್ತು ಡಿಎ (ತುಟ್ಟಿಭತ್ಯೆ) ಸೇರಿ 26,000 ಇದ್ದವರಿಗೆ ವರ್ಷಕ್ಕೆ 15 ದಿನದ ವೇತನದಂತೆ (ತಿಂಗಳಿಗೆ 26 ದಿನ ಎಂದು ಹಿಡಿದು), ಅಂದರೆ 15,000ದಂತೆ, 6 ವರ್ಷಕ್ಕೆ 90,000 ರೂಪಾಯಿ ಬರುತ್ತದೆ. ಯಾವ ಸಂಸ್ಥೆ ಎಷ್ಟು ಭರಿಸಬೇಕು ಅಂತಲೂ ಮೊದಲೇ ಬರೆದಿಡಿ. ಪಿಎಫ್‌ಗೆ ಯುಎಎನ್ (ನೌಕರರ ಕಾಯಂ ಪಿಎಫ್ ಸಂಖ್ಯೆ) ಅದೇ ಇರುತ್ತದೆ, ಆದರೆ ಹಳೆಯ ಖಾತೆಯ ಹಣ ಹೊಸದಕ್ಕೆ ಸೇರಿತೇ ಅಂತ ನೀವೇ ನೋಡಿ. ಉಳಿದ ಗಳಿಕೆ ರಜೆಯೂ ಜೊತೆಗೆ ಹೋಗಲಿ. ಒಬ್ಬರಿಗೆ ಇದರಲ್ಲಿ ಮೋಸವಾಯಿತು ಅಂತ ಸುದ್ದಿ ಹಬ್ಬಿದರೆ ಮುಂದೆ ಯಾರೂ ಕದಲುವುದಿಲ್ಲ.

ಮಂಡ್ಯದವರನ್ನು ಮೈಸೂರಿಗೆ ಹಾಕಿದರೆ 45 ಕಿಲೋಮೀಟರ್ ತಾನೇ ಅನ್ನಬೇಡಿ. ದಿನಾ ರೈಲಿನಲ್ಲಿ ಓಡಾಡುವವರಿದ್ದಾರೆ, ನಿಜ. ಶಿಫ್ಟ್ ರಾತ್ರಿ ಹತ್ತಕ್ಕೆ ಮುಗಿದರೆ ಅವರು ಮನೆ ಸೇರುವುದು ಹೇಗೆ ಅಂತ ಮೊದಲು ಕೇಳಿ. ಮಕ್ಕಳ ಶಾಲೆ, ಮನೆಯ ಹಿರಿಯರು, ಎರಡು ಹಸು, ಇವೆಲ್ಲ ಇರುತ್ತವೆ. ಒಂದು ವರ್ಷ ಆದ ಮೇಲೆ ವಾಪಸ್ ಬರಲು ಹಳೆಯ ಜಾಗ ಇದೆ ಅಂತ ಬರೆದುಕೊಟ್ಟರೆ ಅರ್ಧ ಭಯ ಹೋಗುತ್ತದೆ.

ಇನ್ನೊಂದು ಕೆಲಸ ಕಣ್ಣಿಗೆ ಕಾಣುವುದಿಲ್ಲ, ಆದರೆ ಅದನ್ನು ಹೆಡ್ ಆಫೀಸ್ ಬಿಟ್ಟು ಬೇರೆಯವರು ಮಾಡಲಾರರು. ಘಟಕದ ಮುಖ್ಯಸ್ಥರ ಮೇಲೆಯೇ ದೂರು ಬಂದರೆ? ಘಟಕದ ಎಚ್‌ಆರ್‌ನ ಇಂಕ್ರಿಮೆಂಟ್ ಆ ಮುಖ್ಯಸ್ಥರ ಕೈಯಲ್ಲೇ ಇದ್ದರೆ ಅವರು ಎಷ್ಟು ಗಟ್ಟಿಯಾಗಿ ನಿಲ್ಲಬಲ್ಲರು? ಲೈಂಗಿಕ ಕಿರುಕುಳ ತಡೆಯುವ 2013ರ ಕಾಯ್ದೆಯಂತೆ 10 ಅಥವಾ ಹೆಚ್ಚು ಜನರಿರುವ ಕಡೆ ಆಂತರಿಕ ಸಮಿತಿ ಬೇಕು. ಬೇರೆ ಬೇರೆ ಊರಿನಲ್ಲಿ ಘಟಕಗಳಿದ್ದರೆ ಪ್ರತಿ ಕಡೆಯೂ ಬೇಕು, ಮಂಡ್ಯದಲ್ಲಿ ಒಂದು ಇದ್ದರೆ ಸಾಲದು. ಸಮಿತಿ ಕಾಗದದ ಮೇಲೆ ಇದ್ದರೂ ಮದ್ದೂರಿನ ಟೈಲರ್ ಹೆಣ್ಣುಮಗಳಿಗೆ ಅದರಲ್ಲಿ ನಂಬಿಕೆ ಇರಬೇಕಲ್ಲ. ಆದ್ದರಿಂದ ಘಟಕದ ಎಚ್‌ಆರ್‌ಗಳು ದಿನದ ಕೆಲಸಕ್ಕೆ ತಮ್ಮ ಮುಖ್ಯಸ್ಥರ ಮಾತು ಕೇಳಲಿ, ಅವರ ಮೌಲ್ಯಮಾಪನ ಮತ್ತು ಬಡ್ತಿ ನಿಮ್ಮ ಕೈಯಲ್ಲಿರಲಿ. ಇದನ್ನು ದೊಡ್ಡ ಯಜಮಾನರಿಂದ ಬರವಣಿಗೆಯಲ್ಲೇ ಪಡೆಯಿರಿ. ಇದೇ ರೀತಿ, ಮನೆತನದ ಬಂಧುಗಳಿಗೆ ಘಟಕ ವಹಿಸುವ ಮಾತು ಬಂದಾಗ ಆ ವ್ಯಕ್ತಿಗೆ ಕೆಲಸ ಬರುತ್ತದೋ ಇಲ್ಲವೋ ಅಂತ ಯಜಮಾನರಿಗೆ ಮುಚ್ಚುಮರೆಯಿಲ್ಲದೆ ಹೇಳಬಲ್ಲವರು ಗ್ರೂಪ್‌ನಲ್ಲಿ ಒಬ್ಬರಾದರೂ ಬೇಕು. ಅದು ನೀವೇ ಆಗಬೇಕಾಗುತ್ತದೆ. ಒಬ್ಬರೇ ಇರುವಾಗ ಹೇಳಿ, ಸಭೆಯಲ್ಲಿ ಬೇಡ.

ಈಗ ಹೆಡ್ ಆಫೀಸಿನ ನಾಲ್ವರ ವಿಷಯ. ಮೇಲಿನ ಕೆಲಸಕ್ಕೆ ನಾಲ್ಕು ಜನ ಬೇಕೇ? ನನ್ನ ಅಂದಾಜಿನಲ್ಲಿ ಇಬ್ಬರು ಸಾಕು: ನೀವು, ಮತ್ತು ಜನರ ಬೆಳವಣಿಗೆ, ಅಪ್ರೆಂಟಿಸ್, ವರ್ಗಾವಣೆ ನೋಡಿಕೊಳ್ಳುವ ಇನ್ನೊಬ್ಬರು. ಉಳಿದ ಇಬ್ಬರನ್ನು ಗಾರ್ಮೆಂಟ್ಸ್‌ಗೆ ಕಳಿಸಿ, ಕೆಲಸ ಜಾಸ್ತಿ ಇರುವುದು ಅಲ್ಲಿ. ನೀವೇ ಮುಂದಾಗಿ ಇದನ್ನು ಹೇಳಿದರೆ ಚಿಕ್ಕ ಯಜಮಾನರು ನಿಮ್ಮ ಉಳಿದ ಮಾತನ್ನು ಬೇರೆ ಕಿವಿಯಿಂದ ಕೇಳುತ್ತಾರೆ.

ಅವರ ಹತ್ತಿರ ಹೋಗುವ ಮುಂಚೆ ಈ ವಾರ ಒಂದು ಕೆಲಸ ಮಾಡಿ. ಮೂರೂ ಘಟಕದ ಬಾಯ್ಲರ್ ಅಟೆಂಡೆಂಟ್‌ಗಳ ಪಟ್ಟಿ ತರಿಸಿ. ಹೆಸರು, ಸರ್ಟಿಫಿಕೇಟ್ ಯಾವ ದರ್ಜೆಯದು, ವಯಸ್ಸು ಎಷ್ಟು, ರಜೆ ಹಾಕಿದಾಗ ಅವರ ಜಾಗದಲ್ಲಿ ಯಾರು ನಿಲ್ಲುತ್ತಾರೆ. ಕೊನೆಯ ಕಾಲಂ ಎಷ್ಟು ಕಡೆ ಖಾಲಿ ಇದೆ ನೋಡಿ. ಆ ಒಂದು ಹಾಳೆಯನ್ನು ಅವರ ಮೇಜಿನ ಮೇಲಿಟ್ಟು ಮಾತು ಶುರು ಮಾಡಿ.